ಚೀನಾ ಕೋಳಿ ಮತ್ತು ಹಂಗಾಮಿ ಮೇಟಿ

ಹಕ್ಕಿ ನೋಡಲು ಬರುವವರು ಮೇಲೆ ನೋಡಿಕೊಂಡು ನಡೆಯುತ್ತಾರೆ. ಹಾಗೆ ನಡೆಯುವವರು ಇರುವ ಜಾಗದಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ.

ನಾನು ಕಲ್ಲಟ್ಟಿ ದಾರಿಯ ಪ್ರವಾಸಿ ಬಂಗಲೆಯಲ್ಲಿ ಮೇಟಿಯಾಗಿದ್ದೆ. ಬಾಗಿಲು ತೆಗೆಯುವುದು, ನೀರು ಕಾಯಿಸುವುದು, ಬೈಸಿಕೊಳ್ಳುವುದು ನನ್ನ ಕೆಲಸ. ಏಳು ವರ್ಷವಾದರೂ ಹಂಗಾಮಿ. ಕಾಯಂ ಆಗದಿದ್ದರೆ ಯಾವ ದಿನವಾದರೂ ಮನೆಗೆ ಕಳಿಸಬಹುದು. ಆ ಕಾಲದಲ್ಲಿ ನಡೆದ ಸಂಗತಿಗಳು ಇವು.

ನಡೆದು ಬಂದ ಅತಿಥಿ

ಅತಿಥಿ ಬಂದ ಮೇಲೆಯೇ ಕೋಳಿ ಹಿಡಿಯುವುದು ಬಂಗಲೆಯ ಪದ್ಧತಿ. ನಮ್ಮದು ಲಿಂಗ ಕಟ್ಟುವ ಮನೆ. ಹಿಡಿಯುವುದು, ಕೊಯ್ಯುವುದು ಅಡುಗೆಯವನ ಪಾಲು. ಬೇಲಿಯ ಬಾಗಿಲು ಮುಚ್ಚುವುದಷ್ಟೇ ನನ್ನದು.

ಕೋಳಿಗಳು ಈ ಪದ್ಧತಿಯನ್ನು ನಮಗಿಂತ ಚೆನ್ನಾಗಿ ಕಲಿತವು. ತಿರುವಿನಲ್ಲಿ ಕುದುರೆಯ ಸದ್ದು ಕೇಳಿದರೆ ಸಾಕು, ಅಂಗಳ ಖಾಲಿ. ಅಡುಗೆಯವನು ಕಾಡಿನೊಳಗೆ ಓಡುತ್ತಿದ್ದ. ಅತಿಥಿಗಳು ಎರಡು ಗಂಟೆ ಬಿಸ್ಕತ್ತು ತಿನ್ನುತ್ತಿದ್ದರು.

ಒಂದು ದಿನ ಪಾದ್ರಿಯೊಬ್ಬರು ಊಟಿಯಿಂದ ಕಾಲ್ನಡಿಗೆಯಲ್ಲಿ ಬಂದರು. ಕೋಳಿಗಳು ಅವರ ಕಾಲ ಸುತ್ತಲೇ ಮೇಯುತ್ತಿದ್ದವು.

"ಎಷ್ಟು ಸಾಧು ಪ್ರಾಣಿಗಳು! ನನ್ನನ್ನು ನಂಬಿವೆ" ಎಂದರು ಪಾದ್ರಿ.

ಅಡುಗೆಯವನು ಕೈಮುಗಿದ. "ಸ್ವಾಮಿ, ಇನ್ನು ಮುಂದೆಯೂ ನಡೆದೇ ಬನ್ನಿ. ತಮ್ಮಷ್ಟು ಉಪಕಾರ ಇದುವರೆಗೆ ಯಾರೂ ಮಾಡಿಲ್ಲ" ಎಂದ.

ಚೀನಾದಿಂದ ಬಂದವು

ಬಂಗಲೆ ಯಾರ ಕೈಕೆಳಗೆ ಇತ್ತೋ ಆ ದೊರೆಗೆ ಬೇಟೆಯ ಹುಚ್ಚು. ಒಂದು ದಿನ ಗಾಡಿಯಲ್ಲಿ ಮರದ ಪೆಟ್ಟಿಗೆ ತಂದರು. ಒಳಗೆ ಒಂದು ಹುಂಜ, ಎರಡು ಹೇಟೆ. ಫೆಸೆಂಟ್ ಎಂದು ಹೆಸರು. ನಾವು ಚೀನಾ ಕೋಳಿ ಎಂದೆವು. ಹುಂಜದ ಕೊರಳಿಗೆ ಬಿಳಿ ಪಟ್ಟಿ, ಮೈ ತಾಮ್ರದ ಬಣ್ಣ, ಬಾಲ ಒಂದು ಮೊಳಕ್ಕೂ ಹೆಚ್ಚು.

"ಮಳೆ ಮುಗಿಯುವವರೆಗೆ ಗೂಡಿನಲ್ಲಿಟ್ಟು ಸಾಕು. ಆಮೇಲೆ ಕಣಿವೆಯ ಸೋಲೆ ಕಾಡಿಗೆ ಬಿಡು. ಬೇಸಿಗೆಯಲ್ಲಿ ಬರುತ್ತೇನೆ. ಆಗ ಹಕ್ಕಿ ಕಂಡರೆ ನೀನು ಕಾಯಂ. ಕಾಣದಿದ್ದರೆ ನೀನೂ ಕಾಣಬೇಡ" ಎಂದರು ದೊರೆ.

ಪಕ್ಕದ ಹಟ್ಟಿಯ ಗೌಡರು ನೋಡಲು ಬಂದರು. ಗೂಡನ್ನು ಮೂರು ಸುತ್ತು ಹಾಕಿದರು.

"ಏನಯ್ಯ, ಚೀನಾದಲ್ಲಿ ಇದನ್ನು ಸಾಕುವವರು ಇಲ್ಲವಾ?"

"ಇರಬಹುದು."

"ಮತ್ತೆ ಇಲ್ಲಿಗೆ ಯಾಕೆ ತಂದರು?"

"ಕಾಡಿಗೆ ಬಿಡೋಕೆ."

"ಬಿಟ್ಟು?"

"ಬೆಳೆದ ಮೇಲೆ ಹೊಡೆಯೋಕೆ."

ಗೌಡರು ಗೂಡಿನ ಕಡೆ ಕೈ ತೋರಿಸಿದರು. "ಈಗ ಗೂಡಿನಲ್ಲೇ ಇದೆಯಲ್ಲ. ಈಗಲೇ ಹೊಡೆದರೆ ಹುಡುಕುವ ಕೆಲಸ ಇರುವುದಿಲ್ಲ" ಎಂದು ಹೇಳಿ ಹೊರಟುಹೋದರು.

ಶಿಳ್ಳೆ

ನಮ್ಮ ತೊರೆಯ ಪಕ್ಕದಲ್ಲಿ ಕಡುನೀಲಿ ಹಕ್ಕಿಯೊಂದಿದೆ. ಬೆಳಕು ಹರಿಯುವಾಗ ಥೇಟ್ ಮನುಷ್ಯರ ಹಾಗೆ ಶಿಳ್ಳೆ ಹಾಕುತ್ತದೆ. ಕೆಲಸವಿಲ್ಲದ ಪೋಕರಿ ಬೇಲಿಗೆ ಒರಗಿ ನಿಂತು ಹಾಕುವ ಶಿಳ್ಳೆ.

ಮದ್ರಾಸಿನಿಂದ ಬಂದ ದೊರೆಸಾನಿ ಮೊದಲ ಬೆಳಿಗ್ಗೆಯೇ ನನ್ನನ್ನು ಕರೆದರು. "ನಾನು ಸ್ನಾನಕ್ಕೆ ಹೋದಾಗ ಕಿಟಕಿಯ ಹೊರಗೆ ಶಿಳ್ಳೆ ಹಾಕಿದವನು ಯಾರು?"

"ಹಕ್ಕಿ, ಅಮ್ಮ."

"ಸುಳ್ಳು. ಪುಸ್ತಕದಲ್ಲಿ ಬರೆಯುತ್ತೇನೆ."

ಅತಿಥಿಗಳ ಪುಸ್ತಕದಲ್ಲಿ ಒಂದು ದೂರು ಬಿದ್ದರೆ ನನ್ನ ಕಾಯಂ ಮಾತು ಮುಗಿಯಿತು. "ನಾಳೆ ತಾವೇ ಹೊರಗೆ ನಿಂತು ನೋಡಿ" ಎಂದೆ.

ಮರುದಿನ ಅವರು ಕೊಡೆ ಹಿಡಿದು ಗೋಡೆಯ ಮೂಲೆಯಲ್ಲಿ ಅಡಗಿ ನಿಂತರು. ಶಿಳ್ಳೆ ಕೇಳಿಸಿತು. ಅದೇ ಹೊತ್ತಿಗೆ ಅಡುಗೆಯವನು ಕೊಡ ಹೊತ್ತು ಬಂದ. ಕೊಡೆ ಅವನ ಬೆನ್ನ ಮೇಲೆ ಮುರಿಯಿತು. ಅವನು ಬಿದ್ದ ಮೇಲೆ ಸೂರಿನ ಮೇಲಿಂದ ಇನ್ನೊಂದು ಶಿಳ್ಳೆ ಬಂತು, ಮೊದಲಿನದಕ್ಕಿಂತ ಉದ್ದ.

ದೊರೆಸಾನಿ ಒಳ್ಳೆಯವರು. ಕ್ಷಮೆ ಕೇಳಿದರು. ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಅವರು ಇದ್ದಷ್ಟು ದಿನ ಅಡುಗೆಯವನು ನೀರಿಗೆ ಹೋಗುವಾಗ, "ನಾನು ಅಡುಗೆಯವನು, ನಾನು ಅಡುಗೆಯವನು" ಎಂದು ಕೂಗಿಕೊಂಡು ಹೋಗುತ್ತಿದ್ದ.

ದೊಡ್ಡ ಬಿಳಿ ಹಕ್ಕಿ

ಇನ್ನೊಬ್ಬ ಅತಿಥಿ ದುರ್ಬೀನು ತಂದಿದ್ದರು. ಎದುರು ಗುಡ್ಡದ ಪೊದೆಯ ಮೇಲೆ ದೊಡ್ಡ ಬಿಳಿ ಹಕ್ಕಿ ರೆಕ್ಕೆ ಬಿಚ್ಚಿ ಕುಳಿತಿದೆ ಎಂದರು. ಬೆಳಿಗ್ಗೆಯೆಲ್ಲ ಕುಳಿತು ಚಿತ್ರ ಬರೆದರು. ನನ್ನ ಕಣ್ಣಿಗೆ ಅದು ಗೌಡರು ಒಗೆದು ಹರವಿದ ಮುಂಡಾಸು. ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.

ಮಧ್ಯಾಹ್ನ ಕಾಫಿ ಕುಡಿದು ನೋಡಿದರೆ ಹಕ್ಕಿ ಇಲ್ಲ. ಅಷ್ಟರಲ್ಲಿ ಗೌಡರು ಮುಂಡಾಸು ಸುತ್ತಿಕೊಂಡು ಆ ಕಡೆಯಿಂದಲೇ ಬಂದರು.

"ಅಲ್ಲಿ ಬಿಳಿ ಹಕ್ಕಿ ಇತ್ತಲ್ಲ, ಕಂಡೆಯಾ?" ಎಂದು ಅತಿಥಿ ಕೇಳಿದರು.

"ಇಲ್ಲವಲ್ಲ ದೊರೆ. ನಾನು ಅಲ್ಲೇ ಇದ್ದೆ."

"ಹಾಗಾದರೆ ಓಡಿಸಿದ್ದು ನೀನೇ."

ಗೌಡರು ತುಂಬ ನೊಂದುಕೊಂಡರು. ಸಂಜೆಯವರೆಗೆ ಗುಡ್ಡದ ಮೇಲೆಲ್ಲ ಆ ಹಕ್ಕಿಯನ್ನು ಹುಡುಕಿದರು.

ದೊರೆ ಬಂದರು

ಮಳೆ ಮುಗಿದ ಮೇಲೆ ಚೀನಾ ಕೋಳಿಗಳನ್ನು ಸೋಲೆಗೆ ಬಿಟ್ಟೆ. ಹೇಟೆಗಳು ಅಂದೇ ಮಾಯವಾದವು. ಹುಂಜ ಒಂದು ತಿಂಗಳು ಅಂಚಿನಲ್ಲೇ ಕಾಣಿಸಿಕೊಂಡು ಆಮೇಲೆ ಅದೂ ಕಾಣಲಿಲ್ಲ. ದೊರೆ ಬರುವ ಸುದ್ದಿ ಬಂದಾಗ ಹೆಂಡತಿ ನನ್ನ ಪೆಟ್ಟಿಗೆ ಕಟ್ಟಿಟ್ಟಳು.

ದೊರೆ ಸ್ನೇಹಿತರೊಬ್ಬರನ್ನು ಕರೆತಂದರು. ಅವರ ಕಾಲಿಗೆ ಬೂಟು ಕಚ್ಚಿತ್ತು. ಅವರು ಬಂಗಲೆಯಲ್ಲೇ ಉಳಿದರು. ದೊರೆ ನನ್ನೊಬ್ಬನನ್ನೇ ಕರೆದುಕೊಂಡು ಸೋಲೆಗೆ ಹೊರಟರು. ಭುಜದಲ್ಲಿ ಬಂದೂಕು. ಕಂಕುಳಲ್ಲಿ ಒಂದು ಹಲಗೆ. ಚೀನಾ ಹಕ್ಕಿಯನ್ನು ಐದು ವರ್ಷ ಯಾರೂ ಹೊಡೆಯಬಾರದು ಎಂದು ಅದರಲ್ಲಿ ಬರೆಸಿದ್ದರು.

ಕಾಡಿನ ಅಂಚಿನಲ್ಲಿ ಹಲಗೆ ನೆಟ್ಟೆ. ದೊರೆ ದೂರ ನಿಂತು ನೋಡಿದರು. "ಸ್ವಲ್ಪ ಎಡಕ್ಕೆ" ಎಂದರು. ಎಡಕ್ಕೆ ಸರಿಸಿ ಕಲ್ಲಿನಿಂದ ಗುದ್ದಿದೆ.

ಆ ಸದ್ದಿಗೆ ಹಲಗೆಯ ಹಿಂದಿನ ಪೊದೆಯಿಂದ ಏನೋ ಭರ್ರನೆ ಎದ್ದಿತು. ದೊರೆಯದು ಮೂವತ್ತು ವರ್ಷ ಬೇಟೆಯಾಡಿದ ಕೈ. ಯಾರನ್ನೂ ಕೇಳುವುದಿಲ್ಲ. ಢಂ ಎಂದಿತು. ನಾನು ನೆಲ ಕಚ್ಚಿದೆ. ಹಕ್ಕಿಯೂ ನನ್ನ ಪಕ್ಕದಲ್ಲೇ ಬಿತ್ತು. ಕೊರಳಿಗೆ ಬಿಳಿ ಪಟ್ಟಿ. ಬಾಲ ಒಂದು ಮೊಳಕ್ಕೂ ಹೆಚ್ಚು.

ದೊರೆ ಹಕ್ಕಿಯನ್ನು ನೋಡಿದರು. ಹಲಗೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಹಕ್ಕಿ ಕಂಡಿತು ದೊರೆ" ಎಂದೆ.

ಅವರು ಬಂದೂಕನ್ನು ನನ್ನ ಕೈಗೆ ಕೊಟ್ಟರು. ಹಕ್ಕಿಯನ್ನು ಕೋಟಿನೊಳಗೆ ತುರುಕಿದರು. ಬಾಲ ಹೊರಗೆ ಉಳಿಯಿತು. ಅದನ್ನು ಕಿತ್ತು ಪೊದೆಗೆ ಎಸೆದರು. ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೆ ಹೋದರು. ಪುಕ್ಕ ಕೀಳುವವರೆಗೆ ಅಡುಗೆಯವನ ಪಕ್ಕದಲ್ಲೇ ನಿಂತರು.

ಊಟದ ಮೇಜಿನಲ್ಲಿ ಸ್ನೇಹಿತರು ಎರಡು ಸಲ ಹಾಕಿಸಿಕೊಂಡರು. "ಇದು ಯಾವ ಹಕ್ಕಿ?"

ದೊರೆ ನನ್ನ ಕಡೆ ನೋಡಿದರು.

"ಕಾಡುಕೋಳಿ. ಇಲ್ಲಿಯದೇ" ಎಂದೆ.

ಸ್ನೇಹಿತರು ಬಾಯಿ ಒರೆಸಿಕೊಂಡು ದೊರೆಯ ಕಡೆ ತಿರುಗಿದರು. "ನಿನಗೆ ತಲೆ ಸರಿಯಿಲ್ಲ ಕಣಯ್ಯ. ಇಲ್ಲಿಯ ಕೋಳಿಯೇ ಇಷ್ಟು ರುಚಿ ಇರುವಾಗ ಚೀನಾದಿಂದ ಯಾಕೆ ತರಿಸಿದೆ?"

ದೊರೆ ತಟ್ಟೆಯಿಂದ ತಲೆ ಎತ್ತಲಿಲ್ಲ. "ಮೇಟಿ, ನಾಳೆಯಿಂದ ನೀನು ಕಾಯಂ" ಎಂದರು.