ಮೂರು ಕವಳ ದೂರದ ಸಮುದ್ರ

ಬೆಂಗಳೂರಿನವರನ್ನು ಬೆಟ್ಟ ಹತ್ತಿಸಿ, ಏನೂ ಎಡವಟ್ಟಾಗದೆ ವಾಪಸ್ ಕರ್ಕೊಂಡು ಬಂದೆ ಅಂತ ಯಾರಾದರೂ ಹೇಳಿದರೆ ನಾನು ನಂಬೋದಿಲ್ಲ. ಒಂದೋ ಅವರು ಬೆಟ್ಟಕ್ಕೆ ಹೋಗಿಲ್ಲ, ಇಲ್ಲಾ ಅವರ ಜೊತೆ ಹೋದವರು ಬೆಂಗಳೂರಿನವರಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಬಾಡಿಗೆ ಮನೆ. ವಾರವೆಲ್ಲ ಕುರ್ಚಿಯಲ್ಲಿ ಕೂತು ಸೊಂಟ ಹಿಡಿದುಹೋಗ್ತಿತ್ತು. ಅದಕ್ಕೇ ಎರಡನೇ ಶನಿವಾರ ಬಂತೂಂದರೆ ಅಕ್ಕಪಕ್ಕದವರನ್ನೆಲ್ಲ ಎಬ್ಬಿಸಿಕೊಂಡು ಯಾವುದಾದರೂ ಬೆಟ್ಟಕ್ಕೆ ಹೊರಡ್ತಿದ್ದೆ. ನನ್ನನ್ನು ಗೈಡ್ ಅಂತ ಯಾರೂ ನೇಮಿಸಿರಲಿಲ್ಲ. ಮುಂದೆ ನಡೆಯೋನಿಗೆ ಆ ಹೆಸರು ತಾನಾಗೇ ಬಂತು, ಬೈಗುಳವೂ ಜೊತೆಗೇ ಬಂತು.

೧. ಮೇಲೆ ಯಾವ ದೇವರು?

ಆ ಸಲ ನಾನು ಹುಡುಕಿದ್ದು ಕುಮಟಾ ಕಡೆ ಸಮುದ್ರಕ್ಕೆ ಅಂಟಿಕೊಂಡ ಒಂದು ಬೆಟ್ಟ. ಈ ಕಡೆಯಿಂದ ಹತ್ತಿ ಆ ಕಡೆ ಇಳಿದರೆ ಸಮುದ್ರ. ಆಮೇಲೆ ರಸ್ತೆಗೆ ಬಂದು, ಆ ಊರಿನ ಪಾನಕ ಕುಡಿದು, ಬಿಸಿ ತಿಂಡಿ ತಿಂದು, ಸಂಜೆ ಬಸ್ ಹತ್ತೋದು. ಇಷ್ಟೇ ಕಾರ್ಯಕ್ರಮ.

ಮನೆಮನೆಗೆ ಹೋಗಿ ಹೇಳಿದೆ. ಎದುರುಮನೆ ಆಂಟಿ ಕೇಳಿದ ಮೊದಲನೇ ಪ್ರಶ್ನೆ, "ಮೇಲೆ ಯಾವ ದೇವರು?"

"ದೇವರಿಲ್ಲ ಆಂಟಿ. ಬರೀ ಬೆಟ್ಟ."

"ದೇವರೇ ಇಲ್ಲ ಅಂದ್ಮೇಲೆ ಯಾಕ್ರೀ ಹತ್ತೋದು?" ಅಂದು ಒಂದು ಕ್ಷಣ ಯೋಚಿಸಿ, "ಇದ್ದೇ ಇರ್ತಾನೆ. ನೀವು ಸರಿಯಾಗಿ ನೋಡಿರಲ್ಲ. ನನ್ನ ಹೆಸರು ಬರ್ಕೊಳ್ಳಿ" ಅಂದರು.

ಹಿಂದಿನ ಬೀದಿಯ ಟೀಚರಮ್ಮ ಮಾತ್ರ ತಾವಾಗೇ ಹುಡುಕಿಕೊಂಡು ಬಂದರು. ಸಾರಕ್ಕಿಯ ಪ್ರೈಮರಿ ಶಾಲೆಯಲ್ಲಿ ಮೂರನೇ ಕ್ಲಾಸಿನ ಮಿಸ್ಸು. ಬರೋ ಮಾರ್ಚಿಗೆ ರಿಟೈರು.

"ಮೂವತ್ತು ವರ್ಷದಿಂದ ಸಮುದ್ರದ ನೀರು ಉಪ್ಪು ಅಂತ ಪಾಠ ಮಾಡ್ತಿದೀನಿ. ಮೊನ್ನೆ ಒಂದು ಹುಡುಗಿ ಎದ್ದು, 'ಮಿಸ್, ನೀವು ಕುಡ್ದು ನೋಡಿದೀರಾ?' ಅಂದ್ಲು. ಇಲ್ಲಮ್ಮ ಅಂದೆ. 'ಮತ್ತೆ ನಿಮ್ಗೆಂಗೆ ಗೊತ್ತು?' ಅಂದ್ಲು. ನಿಜ ಹೇಳ್ತೀನಿ ಕಣ್ರೀ, ನಾನು ಸಮುದ್ರಾನ ಕಣ್ಣಲ್ಲಿ ಕೂಡ ನೋಡಿಲ್ಲ." ಹೇಳ್ತಾ ಹೇಳ್ತಾ ಅವರ ಕಣ್ಣು ತುಂಬಿಬಂತು. "ಶಾಲೆ ಬಿಡೋಕೆ ಮುಂಚೆ ಆ ನೀರು ತಂದು, ನಲವತ್ತು ಮಕ್ಕಳ ನಾಲಿಗೆಗೂ ಒಂದೊಂದು ತೊಟ್ಟು ಬಿಡಬೇಕು. ಅಷ್ಟೇ ನನ್ನ ಆಸೆ."

ನಾನು ತಕ್ಷಣ ಹೆಸರು ಬರೆದೆ. ಅವರ ಹಿಂದೆಯೇ ಯಜಮಾನರು ನಿಂತಿದ್ದರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. "ಇವಳಿಗೆ ಮಂಡಿನೋವು, ಮೇಲೆ ಬಿ.ಪಿ. ಬೇರೆ. ನಾನೂ ಬರ್ತೀನಿ. ದಾರೀಲಿ ಒಂದೇ ಒಂದು ಸಲ ಏದುಸಿರು ಬಂತೋ, ಅಲ್ಲಿಂದಲೇ ವಾಪಸ್. ಯಾರೂ ಮಾತಾಡಕೂಡದು" ಅಂದರು.

ಅಷ್ಟಕ್ಕೇ ಬಿಡಲಿಲ್ಲ. ನನ್ನ ಪಟ್ಟಿ ಇಸ್ಕೊಂಡು, ಹೆಂಡತಿ ಹೆಸರಿನ ಮುಂದೆ 'ಷರತ್ತಿಗೆ ಒಳಪಟ್ಟು' ಅಂತ ಬರೆದು, ಕೆಳಗೆ ಸಹಿ ಮಾಡಿ, ತಾರೀಕು ಹಾಕಿ, ನನ್ನ ಕೈಲೂ ಒಂದು ಸಹಿ ಹಾಕಿಸಿದರು.

೨. ಜ್ವರದ ಜನ

ಶುಕ್ರವಾರ ಬಸ್ ಹತ್ತಿ, ಶನಿವಾರ ಬೆಳಕು ಹರಿಯುವಾಗ ಆ ಊರಲ್ಲಿ ಇಳಿದೆವು. ಒಟ್ಟು ಹದಿಮೂರು ಜನ. ಡಿಸೆಂಬರ್ ತಿಂಗಳು. ನಮ್ಮ ಜನಕ್ಕೆ ಡಿಸೆಂಬರ್ ಅಂದರೆ ಲೋಕಕ್ಕೆಲ್ಲ ಜಯನಗರದ ಚಳಿಯೇ! ಒಬ್ಬೊಬ್ಬರೂ ಸ್ವೆಟರು, ಅದರ ಮೇಲೆ ಶಾಲು, ತಲೆಗೆ ಮಂಕಿ ಟೋಪಿ. ಶಿರಸ್ತೇದಾರರಂತೂ ಹೆಂಡತಿಗೆ ಎರಡು ಸ್ವೆಟರ್ ಹಾಕಿಸಿ, ಕಿವಿಗೆ ಹತ್ತಿ ತುರುಕಿದ್ದರು. ಸಮುದ್ರದ ಊರು, ಬೆಳಗಿನ ಜಾವಕ್ಕೇ ಬೆವರು ಇಳೀತಿತ್ತು. ಆದರೂ ಯಾರೊಬ್ಬರೂ ಟೋಪಿ ತೆಗೀಲಿಲ್ಲ. ಮನೇಲಿ ಹೇಳಿ ಕಳಿಸಿದಾರಲ್ಲ!

ಚಾ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಸಾಲಾಗಿ ಕೂತೆವು. ಅಂಗಡಿಯವರು ನಮ್ಮನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಬರೀ ಪಂಚೆ ಉಟ್ಟು ಬೀಸಣಿಗೆ ಬೀಸಿಕೊಳ್ತಿದ್ದ ಮನುಷ್ಯ. ನನ್ನನ್ನು ಪಕ್ಕಕ್ಕೆ ಕರೆದು, "ಎಲ್ಲರಿಗೂ ಒಟ್ಟಿಗೇ ಬಂತ್ರಾ?" ಅಂದರು.

"ಏನು ಬಂತು?"

"ಜ್ವರ."

ಇಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಹದಿಮೂರು ಜನಕ್ಕೂ ಕಾಳುಮೆಣಸಿನ ಕಷಾಯ ಕಾಯಿಸಿ ತಂದಿಟ್ಟರು. ಅದನ್ನು ಕುಡಿದ ಮೇಲೆ ಬೆವರು ಹರಿದು, ಸ್ವೆಟರುಗಳು ಒಂದೊಂದಾಗಿ ಕಳಚಿದವು. ಹೊರೋರು ಯಾರು? ಗೈಡು ಇದಾನಲ್ಲ! ಎಲ್ಲವನ್ನೂ ಗಂಟು ಕಟ್ಟಿ ನನ್ನ ಬೆನ್ನಿಗೇರಿಸಿದರು. ಅಂಗಡಿಯವರು ಸಮಾಧಾನದಿಂದ ತಲೆಯಾಡಿಸಿ, "ನೋಡಿ, ಒಂದು ಲೋಟಕ್ಕೇ ಜ್ವರ ಬಿಡ್ತು" ಅಂದರು.

೩. ಮೂರು ಕವಳ

ಆ ಬೆಟ್ಟದ ದಾರಿ ನನಗೂ ಹೊಸದು. ಚಾ ಅಂಗಡಿಯವರೇ ಊರಿನ ಒಬ್ಬ ಅಜ್ಜನನ್ನು ಜೊತೆ ಮಾಡಿಕೊಟ್ಟರು. ಎಪ್ಪತ್ತರ ಮೇಲಾಗಿತ್ತು, ಬರಿಗಾಲು, ಸೊಂಟಕ್ಕೆ ಎಲೆ ಅಡಿಕೆಯ ಸಂಚಿ. ನಾನು ಗೈಡು, ಅವರು ನನ್ನ ಗೈಡು.

ಶಿರಸ್ತೇದಾರರು ಜೇಬಿಂದ ಪುಸ್ತಕ, ಪೆನ್ನು ತೆಗೆದರು. "ಸಮುದ್ರಕ್ಕೆ ಎಷ್ಟು ಕಿಲೋಮೀಟರ್?"

"ಮೂರು ಕವಳ" ಅಂದರು ಅಜ್ಜ. ಆ ಕಡೆ ಎಲೆ ಅಡಿಕೆಗೆ ಕವಳ ಅನ್ನೋದು. ಒಂದು ಸಲ ಬಾಯಿಗೆ ಹಾಕಿದ ಎಲೆ ಅಡಿಕೆ ಮುಗಿಯೋ ಹೊತ್ತಿಗೆ ಎಷ್ಟು ನಡೀತೀವೋ, ಅದು ಒಂದು ಕವಳದ ದೂರ.

"ಇದೆಂಥ ಲೆಕ್ಕಾರೀ?" ಅಂತ ರೇಗಿದರೂ ಶಿರಸ್ತೇದಾರರು ಬರೆದುಕೊಂಡರು. ಮೊದಲನೇ ಕವಳ ಶುರುವಾದ ಸಮಯ, ಉಗಿದ ಸಮಯ, ಎಲ್ಲ ದಾಖಲು. ಜೊತೆಗೆ ಹತ್ತು ಹೆಜ್ಜೆಗೊಂದು ಸಲ ಹೆಂಡತಿಯ ಮಣಿಕಟ್ಟು ಹಿಡಿದು ನಾಡಿ ನೋಡೋದು. "ಏದುಸಿರಾ? ಏದುಸಿರು ಬಂತಾ?"

"ರೀ, ಮೊದ್ಲು ಕೈ ಬಿಡ್ರಿ! ನಿಮ್ಮನ್ನ ಎಳ್ಕೊಂಡು ಹತ್ತೋದಕ್ಕೇ ಉಸಿರು ಸಾಲ್ತಿಲ್ಲ" ಅಂದರು ಟೀಚರಮ್ಮ. ಹೇಳಿದ ಮೇಲೆ ಹೆದರಿ ಬಾಯಿ ಮುಚ್ಚಿಕೊಂಡರು. ಆಮೇಲೆ ಕಡಿದಾದ ಕಡೆಯೆಲ್ಲ ಅವರು ಸೆರಗು ಬಾಯಿಗೆ ಒತ್ತಿಕೊಂಡು ಸದ್ದಾಗದಂತೆ ಉಸಿರಾಡ್ತಿದ್ದದ್ದು ನಾನು ನೋಡಿದೆ. ನೋಡಿ ಸುಮ್ಮನಿದ್ದೆ. ಪಟ್ಟಿಗೆ ಸಹಿ ಹಾಕಿದವನು ನಾನೇ, ನಿಜ. ಆದರೆ ಆ ಸಹಿಗಿಂತ ಆಯಮ್ಮನ ಆಸೆ ದೊಡ್ಡದು ಅನ್ನಿಸಿತು.

ಒಂದು ಕವಳ ಆಯ್ತು. ಎರಡೂ ಆಯ್ತು. ಶಿರಸ್ತೇದಾರರೇ ಈಗ ಗಿಡಗಂಟಿ ಹಿಡಿದು ಹತ್ತೋ ಸ್ಥಿತಿ. ಆದರೂ ಉತ್ಸಾಹದಿಂದ, "ಬನ್ನಿ ಬನ್ನಿ, ಇನ್ನೊಂದೇ ಕವಳ!" ಅಂದರು. ಅಜ್ಜ ಸಂಚಿಗೆ ಕೈ ಹಾಕಿದರು. ತಡಕಾಡಿದರು. ಸಂಚಿ ಬೋರಲು ಹಾಕಿ ಕೊಡವಿದರು. ಆಮೇಲೆ ತುಂಬಾ ಬೇಜಾರಿನಿಂದ ನಮ್ಮ ಕಡೆ ತಿರುಗಿದರು.

"ಎಲೆ ಮುಗೀತು ಮಾರಾಯ್ರೆ. ಇನ್ನು ಎಷ್ಟು ದೂರ ಅಂತ ಹೇಳೂಕೆ ನಂಗೂ ಬರೂದಿಲ್ಲ."

೪. ಕೂರುವ ಕಲ್ಲು

ಹೇಗೋ ತುದಿ ತಲುಪಿದೆವು. ಅಲ್ಲಿ ಒಂದು ದುಂಡನೆ ಕಲ್ಲು. ಎದುರುಮನೆ ಆಂಟಿ ಅದನ್ನು ನೋಡಿದ್ದೇ ತಡ, "ನಾನು ಹೇಳ್ಲಿಲ್ವಾ!" ಅಂದರು. ಚೀಲದಿಂದ ಊದುಬತ್ತಿ, ಕರ್ಪೂರ, ಕುಂಕುಮ, ಒಂದು ತೆಂಗಿನಕಾಯಿ ಹೊರಗೆ ಬಂತು. ಸಮುದ್ರ ತೀರದ ಊರಿಗೆ ಬೆಂಗಳೂರಿಂದ ತೆಂಗಿನಕಾಯಿ ಹೊತ್ತುಕೊಂಡು ಬಂದಿದ್ದರು ಆ ತಾಯಿ.

ಎರಡೇ ನಿಮಿಷದಲ್ಲಿ ಕಲ್ಲಿಗೆ ನೀರು ಹಾಕಿ, ಕುಂಕುಮ ಬಳಿದು, ಮಂಗಳಾರತಿ ಶುರು. ನಮ್ಮವರೆಲ್ಲ ಚಪ್ಪಲಿ ಬಿಟ್ಟು ಕೈಮುಗಿದರು. ಸೌದೆ ಹೊತ್ತು ಬರ್ತಿದ್ದ ಊರಿನ ಇಬ್ಬರು ಹೆಂಗಸರೂ ಹೊರೆ ಇಳಿಸಿ ನಮಸ್ಕಾರ ಮಾಡಿ, ಕಾಯಿಚೂರು ತಗೊಂಡು ಹೋದರು. ಅಜ್ಜ ಮಾತ್ರ ದೂರ ನಿಂತು ಮುಖ ಸಣ್ಣ ಮಾಡಿಕೊಂಡಿದ್ದರು.

"ಯಾಕಜ್ಜ, ಕೈಮುಗಿಯಲ್ವಾ?" ಅಂದೆ.

"ಮುಗೀತೇನೆ. ಆದ್ರೆ ನಲವತ್ತು ವರ್ಷದಿಂದ ನಾನು ಅದ್ರ ಮೇಲೇ ಕೂತು ಕವಳ ಹಾಕ್ತಿದ್ದೆ. ಇನ್ನು ನಾನೆಲ್ಲಿ ಕೂರೂದು?"

೫. ಜೀರಿಗೆ ಮೆಣಸು

ಮಂಗಳಾರತಿ ಮುಗಿಸಿ ಆ ಕಡೆ ತಿರುಗಿದಾಗ ಟೀಚರಮ್ಮ ನಿಂತಲ್ಲೇ ನಿಂತುಬಿಟ್ಟರು. ಕೆಳಗೆ ಸಮುದ್ರ. "ಅಯ್ಯೋ, ಇಷ್ಟೊಂದಾ!" ಅಂದರು, ಅಷ್ಟೇ. ಆಮೇಲೆ ಇಳಿಜಾರಿನಲ್ಲಿ ಅವರನ್ನು ಹಿಡಿಯೋದೇ ಕಷ್ಟವಾಯ್ತು. ಷರತ್ತು ಹಿಂದೆ, ಅವರು ಮುಂದೆ.

ಸೀರೆ ಎತ್ತಿ ಕಟ್ಟಿ ನೀರಿಗಿಳಿದು, ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡರು. ಥೂ ಅಂತ ಉಗಿದು, ಕೈ ಎರಡೂ ಮೇಲೆತ್ತಿ ಕೂಗಿದರು. "ರೀ! ಉಪ್ಪು ಕಣ್ರೀ! ನಾನು ಹೇಳ್ಕೊಟ್ಟಿದ್ದು ಸರೀನೇ!" ನಾವೆಲ್ಲ ಚಪ್ಪಾಳೆ ಹೊಡೆದೆವು.

ಶಿರಸ್ತೇದಾರರು ಬೂಟು ಕೂಡ ಬಿಚ್ಚದೆ ದೂರ ನಿಂತಿದ್ದರು. "ನೀವೂ ಬಂದು ರುಚಿ ನೋಡ್ರಿ" ಅಂದರು ಟೀಚರಮ್ಮ.

"ಬೇಡ. ನೀನು ಹೇಳಿದ್ಮೇಲೆ ಆಯ್ತು, ನಂಬ್ತೀನಿ."

"ಮದುವೆಯಾಗಿ ಮೂವತ್ತೈದು ವರ್ಷಕ್ಕೆ ಇದೇ ಮೊದ್ಲು" ಅಂದು, ಅವರು ತಮ್ಮ ನೀಲಿ ಪ್ಲಾಸ್ಟಿಕ್ ವಾಟರ್ ಬಾಟಲಿಗೆ ಸಮುದ್ರದ ನೀರು ತುಂಬಿ, ಮುಚ್ಚಳ ಬಿಗಿದು, ಕೊರಳಿಗೆ ಹಾಕಿಕೊಂಡರು.

ಅಲ್ಲಿಂದ ಒಂದೂವರೆ ಮೈಲಿ ನಡೆದು ರಸ್ತೆಯ ಅಂಗಡಿಗೆ ಬಂದೆವು. ಕೆಂಪಗಿನ ಮುರುಗಲ ಹಣ್ಣಿನ ಪಾನಕ, ಹುಳಿ ಸಿಹಿ ಎರಡೂ ಹದವಾಗಿ, ಆಹಾ! ಅದರ ಹಿಂದೆ ಬಾಣಲೆಯಿಂದ ಇಳಿಸಿದ ಗೋಳಿಬಜೆ, ಜೊತೆಗೆ ಹಸಿರು ಚಟ್ನಿ. "ಜೀರಿಗೆ ಮೆಣಸು ಹಾಕಿದ್ದು. ಸ್ವಲ್ಪ ತಾಗಿಸಿ ತಿನ್ನಿ" ಅಂದರು ಅಜ್ಜ. ಅದು ಉಗುರಿನಷ್ಟು ಪುಟ್ಟ ಮೆಣಸಿನಕಾಯಿ. ಖಾರ ಮಾತ್ರ ದೇವರಿಗೇ ಪ್ರೀತಿ.

"ನಾವು ಬಯಲುಸೀಮೆಯವರು. ನಮಗೆ ಖಾರ ಹೇಳ್ಕೊಡ್ತೀರಾ?" ಅಂತ ಶಿರಸ್ತೇದಾರರು ಗೋಳಿಬಜೆಯನ್ನು ಚಟ್ನಿಯಲ್ಲಿ ಮುಳುಗಿಸಿ ಎತ್ತಿದರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಿವಿ ಕೆಂಪಾಯ್ತು, ಮೂಗು ಕೆಂಪಾಯ್ತು, ಕಣ್ಣಿಂದ ನೀರು ಕಿತ್ತುಕೊಂಡು ಬಂತು. ಪಾನಕದ ಲೋಟ ಖಾಲಿ. ಪಕ್ಕದಲ್ಲಿ ಹೆಂಡತಿ ಕೊರಳಿಂದ ತೆಗೆದಿಟ್ಟ ನೀಲಿ ಬಾಟಲಿ. "ರೀ, ಅದಲ್ಲ..." ಅಂತ ಟೀಚರಮ್ಮ ಕೂಗೋದರೊಳಗೆ ಗಟಗಟ ಅರ್ಧ ಇಳಿದಿತ್ತು. ಉರಿಯೋ ನಾಲಿಗೆಗೆ ಉಪ್ಪುನೀರು! ಆ ಮನುಷ್ಯ ಕುಣಿದ ಕುಣಿತಕ್ಕೆ ಬಾಟಲಿ ಹಾರಿ, ಉಳಿದರ್ಧ ಮಣ್ಣಿಗೆ ಹೋಯ್ತು. ಅಷ್ಟರಲ್ಲಿ ಬಸ್ ಬಂದು ಹಾರನ್ ಹೊಡೀತು. ಅದು ಬಿಟ್ಟರೆ ಬೇರೆ ಬಸ್ಸಿಲ್ಲ.

ಯಾರಿಗೂ ನಗೋಕೆ ಧೈರ್ಯ ಬರಲಿಲ್ಲ. ಟೀಚರಮ್ಮ ಬಾಟಲಿ ಎತ್ತಿ ಅಂಗೈ ಮೇಲೆ ಬೋರಲು ಹಿಡಿದರು. ಏನೂ ಬೀಳಲಿಲ್ಲ. "ಹೋಗ್ಲಿ ಬಿಡಿ" ಅಂದರು, ಕಣ್ಣಲ್ಲಿ ನೀರು. ದಾರಿಯುದ್ದಕ್ಕೂ ಶಿರಸ್ತೇದಾರರು ಆ ಖಾಲಿ ಬಾಟಲಿಯನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ಭಾನುವಾರ ಬೆಳಿಗ್ಗೆ ಜಯನಗರದಲ್ಲಿ ಇಳಿದಾಗ ಮೆತ್ತಗೆ ಹೆಂಡತಿಯನ್ನು ಕೇಳಿದರು.

"ನಾಳೆ ನಿನ್ನ ಕ್ಲಾಸು ಎಷ್ಟು ಗಂಟೆಗೆ?"

೬. ಸಾಕ್ಷಿ

ಇದನ್ನು ಟೀಚರಮ್ಮನೇ ಸೋಮವಾರ ಸಂಜೆ ನಮ್ಮನೆಗೆ ಬಂದು, ಹೊಟ್ಟೆ ಹಿಡಿದುಕೊಂಡು ನಗ್ತಾ ಹೇಳಿದ್ದು.

ಶಿರಸ್ತೇದಾರರು ಕೋರ್ಟಿನ ಕಪ್ಪು ಕೋಟು ಹಾಕಿಕೊಂಡು, ಒಂದು ಬಕೆಟ್ಟು, ಒಂದು ಪೊಟ್ಟಣ ಉಪ್ಪು ಹಿಡಿದು ಮೂರನೇ ಕ್ಲಾಸಿಗೆ ಬಂದರಂತೆ. ಜೀವಮಾನವಿಡೀ ಸಾಕ್ಷಿಗಳನ್ನು ನೋಡಿದವರು, ಈಗ ತಾವೇ ಮೇಜಿನ ಪಕ್ಕ ನೆಟ್ಟಗೆ ನಿಂತು, "ಸಮುದ್ರ ಕುಡಿದವನು ನಾನು. ನಡೆದದ್ದನ್ನು ನಡೆದ ಹಾಗೇ ಹೇಳ್ತೀನಿ" ಅಂದರಂತೆ.

ಅವತ್ತು 'ಕುಡ್ದು ನೋಡಿದೀರಾ?' ಅಂತ ಕೇಳಿದ್ದ ಅದೇ ಹುಡುಗಿ ಎದ್ದು ನಿಂತಳು. "ಎಷ್ಟ್ ಕುಡುದ್ರಿ ಸಾರ್?"

"ಅರ್ಧ ಬಾಟ್ಲು."

"ಒಂದು ತೊಟ್ಟಿಗೇ ಗೊತ್ತಾಗಲ್ವಾ ಸಾರ್? ಅಷ್ಟ್ಯಾಕೆ ಕುಡುದ್ರಿ?"

ಗೋಳಿಬಜೆ, ಚಟ್ನಿ, ಕುಣಿತ, ಎಲ್ಲ ಹೇಳಬೇಕಾಯ್ತು. ನಲವತ್ತು ಮಕ್ಕಳೂ ಬೆಂಚು ಗುದ್ದಿ ನಕ್ಕವು. ಆಮೇಲೆ ಶಿರಸ್ತೇದಾರರು ಕೋಟಿನ ತೋಳು ಮಡಚಿ, ಬಕೆಟ್ಟಿನ ನೀರಿಗೆ ಉಪ್ಪು ಹಾಕಿ ರುಚಿ ನೋಡಿದರು. "ಊಹ್ಞೂ, ಇನ್ನೂ ಬೇಕು." ಇನ್ನೊಂದು ಹಿಡಿ. "ಊಹ್ಞೂ." ಮತ್ತೊಂದು. ಕೊನೆಗೆ ಮುಖ ಕಿವುಚಿ, ಮೈ ನಡುಗಿಸಿ, "ಹ್ಞಾ! ಇದೇ! ಇದೇ ಸಮುದ್ರ!" ಅಂತ ಚೀರಿದರು. ಮಕ್ಕಳು ಸಾಲಾಗಿ ಬಂದವು. ಟೀಚರಮ್ಮ ತಮ್ಮ ಕೈಯಾರೆ ನಲವತ್ತು ನಾಲಿಗೆಗೂ ಒಂದೊಂದು ತೊಟ್ಟು ಬಿಟ್ಟರು. ಆ ಹುಡುಗಿ ಚಪ್ಪರಿಸಿ ನೋಡಿ ತೀರ್ಪು ಕೊಟ್ಟಳಂತೆ. "ಈಗ ನಂಬ್ತೀನಿ ಮಿಸ್. ಇಷ್ಟ್ ದೊಡ್ಡೋರು ಇಷ್ಟ್ ಮಾನ ಬಿಟ್ಟು ಯಾಕೆ ಸುಳ್ಳು ಹೇಳ್ತಾರೆ?"

ಗಲಾಟೆ ಕೇಳಿ ಹೆಡ್‌ಮಿಸ್ಸು ಬಂದು ಬಾಗಿಲಲ್ಲಿ ನಿಂತಿದ್ದರು. ಬೈತಾರೇನೋ ಅಂತ ಟೀಚರಮ್ಮ ಹೆದರಿದರೆ, ಅವರು ಒಳಗೆ ಬಂದು ಶಿರಸ್ತೇದಾರರಿಗೆ ಭಕ್ತಿಯಿಂದ ಕೈಮುಗಿದರಂತೆ.

"ತುಂಬಾ ಚೆನ್ನಾಗಿತ್ತು ಸಾರ್. ಮುಂದಿನ ವಾರ ನಾಲ್ಕನೇ ಕ್ಲಾಸಿಗೆ ಜ್ವಾಲಾಮುಖಿ ಪಾಠ ಇದೆ. ದಯವಿಟ್ಟು ಅದಕ್ಕೂ ಬರಬೇಕು."