ಮಗಳನ್ನು ಎದೆಗೆ ಕಟ್ಟಿಕೊಂಡು ಹೊರಟದ್ದು

ಸಂಸಾರಸ್ಥ ಗಂಡಸು ತನ್ನ ಮನೆಯಲ್ಲೇ ಕದ್ದುಮುಚ್ಚಿ ಮಾಡಬೇಕಾದ ಕೆಲಸಗಳು ಕೆಲವಿರುತ್ತವೆ. ನನ್ನ ಪಾಲಿಗೆ ಅದು ಹೆತ್ತ ಮಗಳನ್ನು ಎತ್ತಿಕೊಳ್ಳುವುದು. ಹಿರಿಯರ ಎದುರಿಗೆ ತನ್ನ ಕೂಸನ್ನು ತಾನೇ ಎತ್ತಿ ಮುದ್ದಾಡುವವನು ನಾಚಿಕೆಗೆಟ್ಟವನು ಎಂಬುದು ಹಿಂದೆ ನಮ್ಮ ಕಡೆಯ ರೀತಿ. ಈಗ ಜಹೀರಾಬಾದಿನಲ್ಲಿ ಅದನ್ನು ಯಾರೂ ಪಾಲಿಸುವುದಿಲ್ಲ, ನಮ್ಮಪ್ಪನೊಬ್ಬರನ್ನು ಬಿಟ್ಟು. ಹಾಗೆಂದು ಬೈಯುವವರಲ್ಲ. ನಾನು ಗೌರಿಯನ್ನು ಎತ್ತಿಕೊಂಡರೆ ಸಾಕು, ಎಲ್ಲಿದ್ದರೂ ಬಂದು ಎರಡೂ ಕೈ ಚಾಚುತ್ತಾರೆ. “ಕೊಡಿಲ್ಲಿ. ನಿನಗ ಅಂಗಡಿ ಕೆಲಸ ಇಲ್ಲೇನು?” ಭಾನುವಾರವೂ ಇದೇ ಪ್ರಶ್ನೆ. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಕೂತು ಎಂಥ ಗಿರಾಕಿಗೂ ಜಗ್ಗದ ನಾನು ಅಪ್ಪನ ಮೊದಲ ಮಾತಿಗೇ ಮಗಳನ್ನು ಒಪ್ಪಿಸಿಬಿಡುತ್ತೇನೆ. ಆಮೇಲೆ ಹೊಟ್ಟೆ ಉರಿಯುತ್ತದೆ.

ಹೀಗಿರುವಾಗ ನನ್ನ ಹೆಂಡತಿ ಫೋನಿನಲ್ಲಿ ನೋಡಿ, ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಚೀಲವೊಂದನ್ನು ತರಿಸಿದಳು. ತರಿಸಿದ್ದು ತನ್ನ ಸೊಂಟನೋವಿಗಾಗಿ. ನನ್ನ ಕಣ್ಣು ಬಿದ್ದದ್ದು ಬೆನ್ನ ಹಿಂದಿನ ಬಕಲ್ ಮೇಲೆ. ಒಮ್ಮೆ ಬಿಗಿದರೆ ಯಾರು ಕೈ ಚಾಚಿದರೂ ಕಸಿಯುವಂತಿಲ್ಲ! ಅಲ್ಲದೆ ಎತ್ತಿಕೊಂಡದ್ದು ನಾನಲ್ಲ, ಚೀಲ ಎಂದೂ ವಾದಿಸಬಹುದು.

ಮನೂರಿನಲ್ಲಿ ನನ್ನ ಸೋದರತ್ತೆಯ ಮನೆಯಲ್ಲಿ ಅವರ ಮಗಳ ಮದುವೆ ನಿಶ್ಚಯ ಇತ್ತು. ಹೊರಡುವ ದಿನ ಹೆಂಡತಿಯಿಂದ ಬೆಲ್ಟು ಬಿಗಿಸಿಕೊಂಡು, ಗೌರಿಯನ್ನು ಎದೆಗವಚಿ ಹೊರಬಂದೆ. ಅಭ್ಯಾಸಬಲದಿಂದ ಕೈ ಚಾಚಿದ ಅಪ್ಪ ಹಿಡಿಯುವುದೆಲ್ಲಿ ಎಂದು ತಿಳಿಯದೆ ಕೈ ಇಳಿಸಿದರು. ಅವರ ಎದುರು ನಾನು ಗೆದ್ದದ್ದು ಅದೇ ಮೊದಲು.

ಶೇರಿಂಗ್ ಆಟೋದವನು ನನ್ನ ಎದೆಯ ಚೀಲ ಕಂಡು, “ಕ್ಯಾ ಸೇಠ್, ಪಾರ್ಸಲ್ ಲಾಯೇ?” ಎಂದು ನಕ್ಕ. ಎದುರಿಗೆ ಕೂತ ಮುದುಕಿಯೊಬ್ಬಳು, “ಯವ್ವಾ, ಕೂಸಿಗಿ ಕಟ್ಟಿ ಹಾಕ್ಯಾನಲ್ಲ! ಎಷ್ಟು ತುಡುಗು ಇರಬೇಕದು!” ಎಂದಳು. ಅಪ್ಪ ನಮಗೂ ತಮಗೂ ಸಂಬಂಧವಿಲ್ಲವೆಂಬಂತೆ ದಾರಿಯುದ್ದಕ್ಕೂ ತೊಗರಿ ಹೊಲ ನೋಡುತ್ತಿದ್ದರು. ಗೌರಿಯ ನೆತ್ತಿ ನನ್ನ ಗದ್ದಕ್ಕೆ ತಾಗುತ್ತಿತ್ತು. ಯಾರು ಏನಾದರೂ ಅನ್ನಲಿ, ನನಗೆ ಹಿಗ್ಗೋ ಹಿಗ್ಗು.

ಮನೂರಿನಲ್ಲಿ ಇಳಿದೆವು. ಹೆಂಡತಿ ಹೂವು ತರಲು ಅಂಗಡಿಗೆ ಹೋದಳು. ಅದೇ ಹೊತ್ತಿಗೆ ಗೌರಿ ಎದ್ದು, ಬೀದಿಯೆಲ್ಲ ತಿರುಗಿ ನೋಡುವಂತೆ ಅಳತೊಡಗಿದಳು. ಬಿಚ್ಚೋಣವೆಂದರೆ ಬಕಲ್ ಬೆನ್ನ ನಡುವೆ. ಮೇಲಿಂದ ಕೈ ಹಾಕಿದೆ, ಕೆಳಗಿಂದ ಹಾಕಿದೆ, ಬಸ್ ಸ್ಟ್ಯಾಂಡಿನ ಕಂಬಕ್ಕೆ ಬೆನ್ನು ತಿಕ್ಕಿದೆ. ದಿನವಿಡೀ ಬೆಲ್ಟು, ಕ್ಲಿಪ್ಪು ಮಾರುವವನ ಗತಿ ಇದು!

“ತಿರುಗು,” ಎಂದರು ಅಪ್ಪ. ಟಕ್ಕೆಂದು ಬಿಚ್ಚಿ, ಕೂಸನ್ನು ತೆಗೆದುಕೊಂಡರು. ಅಳು ನಿಂತಿತು. ಆಮೇಲೆ ಕೊರಳಿನ ಲಿಂಗದ ಕರಡಿಗೆಯನ್ನು ಕೂಸಿಗೆ ಒತ್ತದಂತೆ ಪಕ್ಕಕ್ಕೆ ಸರಿಸಿಕೊಂಡು, “ಹೂಂ, ನನಗ ಕಟ್ಟು,” ಎಂದರು. ಕಟ್ಟಿದೆ.

ಗೌರಿಯ ಬೆನ್ನು ತಟ್ಟುತ್ತ ಮೆಲ್ಲಗೆ ಅಂದರು: “ನಿಮ್ಮಜ್ಜ ಇರೋತನಕ ನಿನಗ ಒಮ್ಮೀನೂ ಎತ್ತಿಕೊಳ್ಳಾಕ ಆಗಲಿಲ್ಲ ನನಗ. ಅವರು ಹೋಗೂದ್ರಾಗ ನೀ ಸೈಕಲ್ ಹೊಡೀತಿದ್ದಿ.”

ಅಪ್ಪನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಇದೇ ಸಮಯವೆಂದು ಕೇಳಿಯೂಬಿಟ್ಟೆ: “ಹಂಗಾರ ನನಗರ ಎತ್ತಿಕೊಳ್ಳಾಕ ಬಿಡ್ರಲ್ಲ, ಅಪ್ಪಾ?”

“ಹುಚ್ಚೇನು ನಿನಗ? ಇಷ್ಟು ವರ್ಷ ಕಾದ ಮ್ಯಾಲ ಈಗ ನನ್ನ ಪಾಳಿ ಬಂದದ. ನಿಂದೂ ಬರ್ತದ. ಗೌರಿ ಮದಿವಿ ಆಗಲಿ, ತಡಿ.”

ಹಾಗೆಂದು ಎದೆಯುಬ್ಬಿಸಿ ಅತ್ತೆಯ ಮನೆಯತ್ತ ನಡೆದರು. ಎರಡು ಬ್ಯಾಗು, ಬುತ್ತಿ, ಅಪ್ಪನ ಕೊಡೆ ಹೊತ್ತು ನಾನು ಹಿಂದೆ ಹಿಂದೆ. ಗೌರಿಗೆ ಈಗಷ್ಟೇ ಹಲ್ಲು ಮೂಡುತ್ತಿವೆ. ನಾನಾದರೋ ಹುಟ್ಟಿದ್ದಾನೋ ಇಲ್ಲವೋ ಗೊತ್ತಿಲ್ಲದ ಅಳಿಯನ ಮೇಲೆ ಈಗಿನಿಂದಲೇ ಕಣ್ಣಿಟ್ಟಿದ್ದೇನೆ. ನನ್ನ ಮೊಮ್ಮಗುವನ್ನು ಅವನು ಹೇಗೆ ಎತ್ತಿಕೊಳ್ಳುತ್ತಾನೋ, ನಾನೂ ನೋಡಿಯೇಬಿಡುತ್ತೇನೆ!