ಕುವಾಂಗಣ್ಣನ ದಮ್ಮಿನ ಪರೀಕ್ಷೆ

ಕುವಾಂಗ್ ದೆಶುನ್ ಆ ಬೆಳಿಗ್ಗೆ ಜನರೇಟರ್ ಶೆಡ್ಡಿನ ಹಿಂದೆ ನಿಂತು ಕದ್ದು ಸಿಗರೇಟು ಸೇದದೆ ಇದ್ದಿದ್ದರೆ, ಆ ದಿನ ಅವನ ಪಾಲಿಗೆ ಎಲ್ಲ ದಿನಗಳ ಹಾಗೇ ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಅಂಟಿಸುವುದರಲ್ಲೇ ಮುಗಿದುಹೋಗುತ್ತಿತ್ತು.

ಶಾಜಿಂಗ್ ಪಟ್ಟಣದ ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಇ-ಸಿಗರೇಟು. ಮಾಲೀಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಪ್ರತಿಯೊಬ್ಬರ ಬಾಯಿಂದಲೂ ಒಂದೊಂದು ಹಣ್ಣಿನ ಆವಿ ಹೊರಡುತ್ತಿತ್ತು. ಕುವಾಂಗ್ ಒಬ್ಬನೇ ಹಳೇ ಸಂಪ್ರದಾಯದವನು. "ಬೆಂಕಿ ಇಲ್ಲ, ಬೂದಿ ಇಲ್ಲ, ಅದೆಂಥ ಸಿಗರೇಟ್ರೋ! ಮಕ್ಕಳ ಪೀಪಿ" ಎಂದು ಮೂಗು ಮುರಿಯುತ್ತಿದ್ದ. ಆದರೆ ಬೆಂಕಿ, ಬೂದಿ ಎರಡೂ ಇರುವ ಸಿಗರೇಟನ್ನು ಅವನು ರಾಜಾರೋಷವಾಗಿ ಸೇದುವ ಹಾಗಿರಲಿಲ್ಲ. ಹೆಂಡತಿ ಫೆಂಗ್‌ಲಿಯಾನ್ ಅದೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದೊಡ್ಡ ಅಡುಗೆಯವಳು. ಮಗಳು ಯುನ್ ಹುಟ್ಟಿದ ದಿನವೇ ಅವನು ಸಿಗರೇಟು ಬಿಟ್ಟೆನೆಂದು ಅವಳ ತಲೆ ಮುಟ್ಟಿ ಆಣೆ ಮಾಡಿದ್ದ. ಯುನ್ ಈಗ ಕಾಲೇಜಿನಲ್ಲಿ ಓದುತ್ತಿದ್ದಳು. ಆಣೆ ಮಾತ್ರ ಇನ್ನೂ ಜನರೇಟರ್ ಶೆಡ್ಡಿನ ಹಿಂದೆಯೇ ಓಡಾಡಿಕೊಂಡಿತ್ತು.

"ಕುವಾಂಗ್! ನೀನು ಸಿಗರೇಟು ಸೇದ್ತೀಯಾ?"

ಮಾಲೀಕ ಔಯಾಂಗರ ದನಿ ಕೇಳಿ ಕುವಾಂಗ್ ಸಿಗರೇಟನ್ನು ಬೂಟಿನ ಕೆಳಗೆ ಹಾಕಿ ನಿಂತ.

"ಛೆ ಛೆ, ಇಲ್ಲ ಯಜಮಾನ್ರೇ," ಎಂದ. ಅಷ್ಟು ಹೇಳುವಾಗ ಮೂಗಿನ ಎರಡೂ ಹೊಳ್ಳೆಗಳಿಂದ ಹೊಗೆ ಹೊರಬಂತು.

ಔಯಾಂಗ್ ಬೈಯಲಿಲ್ಲ. ಕಳೆದುಹೋದ ತಮ್ಮ ಸಿಕ್ಕಿದ ಹಾಗೆ ಅವನನ್ನು ಬಾಚಿ ತಬ್ಬಿಕೊಂಡರು.

"ನಿನ್ನನ್ನೇ ಹುಡುಕ್ತಿದ್ದೆ ಕಣಯ್ಯಾ! ಇ-ಸಿಗರೇಟು ಯಾವತ್ತಾದ್ರೂ ಮುಟ್ಟಿದ್ದೀಯಾ?"

"ಪೆಟ್ಟಿಗೆ ಮೇಲಿಂದ ಮಾತ್ರ."

"ದೇವರಂಥ ಮನುಷ್ಯ!" ಎಂದು ಔಯಾಂಗ್ ಜೇಬಿನಿಂದ ನಸುಗೆಂಪು ಬಣ್ಣದ, ಹೆಬ್ಬೆರಳಿನಷ್ಟು ದಪ್ಪದ ಒಂದು ಕೊಳವೆ ತೆಗೆದರು. ಸಿಗರೇಟಿನಿಂದ ಮೊದಲ ಸಲ ಈ ಕಡೆಗೆ ಬರುವವರಿಗೆಂದೇ ಮಾಡಿದ ಹೊಸ ಮಾಲು ಅದು. ಗುಂಡಿ ಇಲ್ಲ, ತಿರುಗಿಸುವುದಿಲ್ಲ, ಬ್ಯಾಟರಿ ಒಳಗೇ ಕೂತಿದೆ, ಬಾಯಿಗಿಟ್ಟು ಎಳೆದರಾಯಿತು. ದಮ್ಮು ಎಳೆಯುವ ಯಂತ್ರದಲ್ಲಿ ಪಾಸಾಗಿದೆ. ಆದರೆ ವಿದೇಶದ ಗಿರಾಕಿ ಯಂತ್ರವನ್ನು ನಂಬುವುದಿಲ್ಲವಂತೆ. ಸಿಗರೇಟು ಸೇದುವ, ಇ-ಸಿಗರೇಟು ಮುಟ್ಟಿಯೇ ಇಲ್ಲದ ಒಬ್ಬ ಜೀವಂತ ಮನುಷ್ಯ ಬೆಳಿಗ್ಗೆಯಿಂದ ಸಂಜೆವರೆಗೆ ಇದನ್ನು ಸೇದಿ, ಸುಲಭವೋ ಕಷ್ಟವೋ, ಸೋರುತ್ತದೋ ಇಲ್ಲವೋ, ಒಂದು ಸಲದ ಚಾರ್ಜು ದಿನಪೂರ್ತಿ ಬರುತ್ತದೋ ಇಲ್ಲವೋ ಹೇಳಬೇಕಂತೆ.

"ನಮ್ಮ ಕಾರ್ಖಾನೇಲಿ ಹೊಸಬ ಅನ್ನೋನು ನೀನೊಬ್ಬನೇ ಉಳಿದಿರೋದು," ಎಂದರು ಔಯಾಂಗ್. "ಮಾಡಿದ್ರೆ ಹೊಸ ವರ್ಷದ ವಸಂತ ಹಬ್ಬಕ್ಕೆ ಎಲ್ಲರಿಗಿಂತ ಮುಂಚೆ ರಜೆ. ಜನಜಂಗುಳಿ ಶುರುವಾಗೋ ಮೊದಲೇ ರೈಲು ಹತ್ತಿ ಊರಿಗೆ ಹೋಗು. ಮಾಡಲ್ಲ ಅಂದ್ರೆ ಫೆಂಗ್‌ಲಿಯಾನ್ ಹತ್ರ ಈ ಶೆಡ್ಡಿನ ವಿಷಯ ಸ್ವಲ್ಪ ಮಾತಾಡಬೇಕಾಗುತ್ತೆ, ಅಷ್ಟೆ. ಹಾಂ, ಇವತ್ತು ಬೆಂಕಿ ಸುರಕ್ಷತೆ ತಪಾಸಣೆಗೆ ಅಧಿಕಾರಿ ಬರ್ತಾರೆ. ಅವರ ಕಣ್ಣಿಗೆ ಬೀಳದ ಹಾಗೆ ಸೇದು."

ಒಂದು ಕೈಯಲ್ಲಿ ರಜೆ, ಇನ್ನೊಂದು ಕೈಯಲ್ಲಿ ಹೆಂಡತಿ. ಕುವಾಂಗ್ ಕೊಳವೆ ಇಸಿದುಕೊಂಡ.

ಬಾಯಿಗಿಟ್ಟವನು ಅಭ್ಯಾಸಬಲದಿಂದ ಜೇಬಿನ ಲೈಟರ್ ತೆಗೆದು ತುದಿಗೆ ಬೆಂಕಿ ಹಚ್ಚಲು ಹೋದ. ಪಕ್ಕದಲ್ಲಿ ಹಾದುಹೋಗುತ್ತಿದ್ದ ಎಂಜಿನಿಯರ್ ಝುವೊ, ಮಗು ಬಾವಿಗೆ ಬಗ್ಗಿದ್ದನ್ನು ಕಂಡವನಂತೆ ಓಡಿಬಂದು ಕೈ ಹಿಡಿದ.

"ಕುವಾಂಗಣ್ಣಾ! ಅದು ಬ್ಯಾಟರಿ ಇರೋ ಕಡೆ! ಏನ್ಮಾಡ್ತಿದ್ದೀರಿ?"

"ಹೊಸಬರಿಗೆ ಸುಲಭ ಅಂದ್ರಪ್ಪಾ ಯಜಮಾನ್ರು."

"ಇಷ್ಟು ಹೊಸಬರಿಗಲ್ಲ! ಸುಮ್ನೆ ಎಳೀರಿ ಸಾಕು."

ಕುವಾಂಗ್ ತನ್ನ ಹಳೇ ಸಿಗರೇಟಿನ ಲೆಕ್ಕದಲ್ಲಿ, ಕೆನ್ನೆ ಒಳಗೆ ಹೋಗುವಂತೆ ಎಳೆದ. ಎದೆಯೊಳಗೆ ಲಿಚಿ ಹಣ್ಣಿನ ತೋಟವೊಂದು ಬೇರುಸಹಿತ ನುಗ್ಗಿದ ಹಾಗಾಯಿತು. ಕೆಮ್ಮಿದ, ಕಣ್ಣೀರು ಹಾಕಿದ, ಶೆಡ್ಡಿನ ಗೋಡೆಗೆ ಒರಗಿ ಕುಸಿದು ಕೂತ. ಝುವೊ ಬೆನ್ನು ತಟ್ಟಿದ. "ಬಿಸಿ ಸೂಪು ಹೀರಿದ ಹಾಗೆ ನಿಧಾನಕ್ಕೆ, ಅಣ್ಣಾ. ಅದು ನಿಮ್ಮ ಸಾಲಗಾರ ಅಲ್ಲ, ಹಿಂಡಿ ಎಳೆಯೋಕೆ."

ಸುದ್ದಿ ಪ್ಯಾಕಿಂಗ್ ವಿಭಾಗಕ್ಕೆ ಅವನಿಗಿಂತ ಮೊದಲೇ ತಲುಪಿತ್ತು. ಪಾನ್ ಅಕ್ಕ ಕೈ ಮುಂದೆ ಚಾಚಿಕೊಂಡೇ ನಿಂತಿದ್ದಳು.

"ಕೊಡು ಕುವಾಂಗಣ್ಣ, ಒಂದೇ ಒಂದು ದಮ್ಮು. ನೀನು ಹೊಸಬ, ನಿಂಗೆ ರುಚಿ ಏನು ಗೊತ್ತಾಗುತ್ತೆ?"

"ಹೊಸಬನೇ ಸೇದಬೇಕು ಅಂತ ಅಕ್ಕಾ..."

ಅಷ್ಟರಲ್ಲಿ ಕೊಳವೆ ಅವಳ ಬಾಯಲ್ಲಿತ್ತು. ಅವಳಿಂದ ಪಕ್ಕದವಳಿಗೆ, ಅಲ್ಲಿಂದ ಲಾರಿ ಚಾಲಕನಿಗೆ, ಹೀಗೆ ಕೈಯಿಂದ ಕೈಗೆ ಹೋಗುತ್ತಾ ಅದು ಇಡೀ ಸಾಲು ಸುತ್ತಿತು. "ಸಿಹಿ ಜಾಸ್ತಿ," ಎಂದರು ಒಬ್ಬರು. "ಇನ್ನೊಂದ್ಸಲ ನೋಡದೆ ಹೇಳೋಕಾಗಲ್ಲ," ಎಂದರು ಇನ್ನೊಬ್ಬರು. ಕುವಾಂಗ್ ಮದುವೆಮನೆಯಲ್ಲಿ ಚಪ್ಪಲಿ ಕಳೆದುಕೊಂಡವನ ಹಾಗೆ ಒಬ್ಬೊಬ್ಬರ ಮುಂದೆಯೂ ಹೋಗಿ ನಿಂತ. ಕೊನೆಗೆ ಕೈಗೆ ಬಂದಾಗ ತುದಿಯಲ್ಲಿ ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು.

"ಅಯ್ಯೋ, ಬ್ಯಾಟರಿ ಸಾಯ್ತಾ ಇದೆ," ಎಂದಳು ಪಾನ್ ಅಕ್ಕ, ತನಗೂ ಅದಕ್ಕೂ ಸಂಬಂಧವೇ ಇಲ್ಲದಂತೆ. "ಮಧ್ಯಾಹ್ನಕ್ಕೇ ಸತ್ತುಹೋಯ್ತು ಅಂತ ಗಿರಾಕಿಗೆ ಗೊತ್ತಾದ್ರೆ ಆರ್ಡರು ಹೋದ ಹಾಗೆ. ಮತ್ತೆ ಅದು ಜೇಬಲ್ಲಿಟ್ಟುಕೋಬೇಡ ಮಾರಾಯ. ನನ್ನ ಭಾವನ ಫೋನು ಜೇಬಲ್ಲೇ ಢಮಾರ್ ಅಂತು. ಅವನು ಆಮೇಲೆ ಒಂದು ವಾರ ನಿಂತೇ ಊಟ ಮಾಡಿದ."

ಆರ್ಡರು ಹೋದರೆ ರಜೆಯೂ ಹೋಯಿತು. ಬ್ಯಾಟರಿ ಬಿಚ್ಚಿ ಬದಲಿಸೋಣವೆಂದರೆ ಅದು ಒಳಗೇ ಕೂತಿರುವ ಜಾತಿಯದು. ಯಾರಿಗೂ ತಿಳಿಯದಂತೆ ಒಂದಿಷ್ಟು ಚಾರ್ಜು ತುಂಬಿಸುವುದೊಂದೇ ದಾರಿ. ಕುವಾಂಗ್ ಕೊಳವೆಯನ್ನು ಒಂದು ಕಾಲುಚೀಲದೊಳಗೆ ಹಾಕಿ, ಸತ್ತ ಇಲಿಯನ್ನು ಹಿಡಿದ ಹಾಗೆ ಮೈಯಿಂದ ದೂರ ಹಿಡಿದುಕೊಂಡು ನಡೆದ. ಕಾರ್ಖಾನೆಯಲ್ಲಿ ಯಾರೂ ಕೈಹಾಕದ ಪ್ಲಗ್ಗು ಇದ್ದದ್ದು ಒಂದೇ ಕಡೆ: ಕ್ಯಾಂಟೀನಿನ ಅಕ್ಕಿ ಮೂಟೆಗಳ ಹಿಂದೆ. ಹೆಂಡತಿಯ ರಾಜ್ಯವೇನೋ ಹೌದು. ಆದರೆ ಈ ಹೊತ್ತಿಗೆ ಅವಳು ಹಂದಿಮಾಂಸ ಹೆಚ್ಚುವುದರಲ್ಲಿ ಮುಳುಗಿರುತ್ತಾಳೆ. ಯಂತ್ರಗಳಿರುವ ಕಡೆಗೆ ಅವಳು ಕಾಲಿಟ್ಟವಳೇ ಅಲ್ಲ. ಅವಳ ಪ್ರಪಂಚ ಒಲೆಯಿಂದ ಶುರುವಾಗಿ ಪಾತ್ರೆ ತೊಳೆಯುವ ನಲ್ಲಿಗೆ ಮುಗಿಯುತ್ತದೆಂದು ಅವನ ಲೆಕ್ಕ.

ಪ್ಲಗ್ಗಿಗೆ ಸಿಕ್ಕಿಸಿ ಇನ್ನೂ ಬೆನ್ನು ನೆಟ್ಟಗೆ ಮಾಡಿರಲಿಲ್ಲ.

"ಯುನ್ ಅಪ್ಪಾ," ಎಂದಿತು ಹಿಂದಿನಿಂದ ಒಂದು ದನಿ. "ಇದು ಯಾರ ಲಿಪ್‌ಸ್ಟಿಕ್ಕು?"

ಫೆಂಗ್‌ಲಿಯಾನ್ ಒಂದು ಕೈಯಲ್ಲಿ ಮಚ್ಚು ಹಿಡಿದಿದ್ದಳು, ಇನ್ನೊಂದು ಕೈ ಚಾಚಿ ಆ ನಸುಗೆಂಪು ಕೊಳವೆಯನ್ನು ಪ್ಲಗ್ಗಿನಿಂದ ಕಿತ್ತುಕೊಂಡಳು.

"ಲಿಪ್‌ಸ್ಟಿಕ್ಕಲ್ಲ! ಪೆನ್ನು!"

"ಹೌದಾ? ಬರಿ ನೋಡೋಣ."

"ಇಂಕು ಮುಗಿದಿದೆ. ಅದಕ್ಕೇ ಚಾರ್ಜಿಗೆ..." ಹೇಳುತ್ತಾ ಹೇಳುತ್ತಾ ಕುವಾಂಗನಿಗೇ ನಾಚಿಕೆಯಾಯಿತು.

ಅವಳು ಹತ್ತಿರ ಬಂದು ಅವನ ಅಂಗಿಯ ಕಾಲರು ಮೂಸಿದಳು. "ಲಿಚಿ ವಾಸನೆ."

"ತಿಂದೆ. ಪಾನ್ ಅಕ್ಕ ಕೊಟ್ಲು."

"ಡಿಸೆಂಬರಲ್ಲಿ ಲಿಚಿ? ನಾನು ದಿನಾ ಮಾರ್ಕೆಟ್ಟಿಗೆ ಹೋಗೋಳು, ನಂಗೆ ಒಂದೂ ಕಾಣಲಿಲ್ಲ. ಯಾವ ಮರದ್ದು? ಲಿಪ್‌ಸ್ಟಿಕ್ಕು ಹಚ್ಚಿಕೊಳ್ಳೋ ಮರವಾ?"

ಮಚ್ಚಿನ ಅಲಗು ಬೆಳಕಿಗೆ ಹೊಳೆಯಿತು. ಸಿಗರೇಟಿನ ತಪ್ಪು ಒಪ್ಪಿಕೊಳ್ಳುವುದೋ, ಇಲ್ಲದ ಹೆಂಗಸಿನ ತಪ್ಪು ಒಪ್ಪಿಕೊಳ್ಳುವುದೋ ತಿಳಿಯದೆ ಕುವಾಂಗ್ ಒದ್ದಾಡಿದ. ಕೊನೆಗೆ ಬಾಯಿಗೆ ಬಂದದ್ದು ಮೂರನೆಯದೇ ಒಂದು.

"ಇದು ಬೆಂಕಿ ಸುರಕ್ಷತೆ ಸಾಮಾನು! ಇವತ್ತು ಅಧಿಕಾರಿ ಬರ್ತಾರಲ್ಲ, ಅದಕ್ಕೆ ಯಜಮಾನ್ರು ನಂಗೆ ವಹಿಸಿದ್ದಾರೆ. ಗುಟ್ಟಿನ ಕೆಲಸ. ಯಾರಿಗೂ ಹೇಳ್ಬೇಡ."

ಫೆಂಗ್‌ಲಿಯಾನ್ ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೊಳವೆಯನ್ನು ತಾನೇ ಪ್ಲಗ್ಗಿಗೆ ಸಿಕ್ಕಿಸಿ, "ಮೊದಲೇ ಹೇಳೋದಲ್ವಾ. ದೊಡ್ಡ ಜವಾಬ್ದಾರಿ," ಎಂದು ಹೋಗಿ ಮಾಂಸ ಹೆಚ್ಚತೊಡಗಿದಳು.

ಗೆದ್ದೆನೆಂದುಕೊಂಡ ಕುವಾಂಗ್. ಊಟ ಮುಗಿಸಿ, ಹಸಿರು ದೀಪ ಹತ್ತಿದ ಕೊಳವೆ ತೆಗೆದುಕೊಂಡು, ಮೆಟ್ಟಿಲ ಸಂದಿಯಲ್ಲಿ ನಿಂತು ಸೂಪು ಹೀರಿದ ಹಾಗೆ ಹೀರಿದ. ಈ ಸಲ ಕೆಮ್ಮು ಬರಲಿಲ್ಲ. ಪರವಾಗಿಲ್ಲವಲ್ಲ ಎನಿಸಿತು. ಸೋರುವುದಿಲ್ಲ, ಬಿಸಿಯಾಗುವುದಿಲ್ಲ, ಬೂದಿ ಕೊಡವುವ ರಗಳೆಯಿಲ್ಲ. ಗಿರಾಕಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಾಗ ಅಂಗಳದ ಕಡೆಯಿಂದ ಹೆಂಡತಿಯ ದನಿ ಕೇಳಿಸಿತು.

"ಬನ್ನಿ ಮೇಡಂ, ಈ ಕಡೆ. ನಮ್ಮವರ ಹತ್ರ ಬೆಂಕಿ ಸುರಕ್ಷತೆಯ ಹೊಸಾ ಸಾಮಾನಿದೆ. ನೀವು ನೋಡ್ಲೇಬೇಕು."

ಇಣುಕಿ ನೋಡಿದ. ಸಮವಸ್ತ್ರ ತೊಟ್ಟ, ಇಸ್ತ್ರಿ ಹಾಕಿದ ಮುಖದ ತಪಾಸಣೆ ಅಧಿಕಾರಿ ಲೆಂಗ್ ಮೇಡಂ ಫೆಂಗ್‌ಲಿಯಾನಳ ಜೊತೆ ಇತ್ತಲೇ ಬರುತ್ತಿದ್ದರು. ಹಿಂದೆ ಔಯಾಂಗ್ ಬೆವರು ಒರೆಸಿಕೊಳ್ಳುತ್ತಾ, "ಯಾವ ಸಾಮಾನು ಫೆಂಗ್‌ಲಿಯಾನ್? ನಮ್ಮಲ್ಲಿ ಅಂಥದ್ದೇನಿಲ್ಲ!" ಎನ್ನುತ್ತಿದ್ದರು.

ಕುವಾಂಗ್ ಮೆಟ್ಟಿಲು ಹಾರಿ ಶೌಚಾಲಯಕ್ಕೆ ನುಗ್ಗಿ ಚಿಲಕ ಹಾಕಿಕೊಂಡ. ಕಷ್ಟ ಬಂದಾಗ ಸೇದುವವನು ಮಾಡುವ ಕೆಲಸ ಒಂದೇ. ಎಳೆದ. ಬಿಟ್ಟ. ಮತ್ತೆ ಎಳೆದ. ಬೆಳಿಗ್ಗೆ ಕೆಮ್ಮಿ ಕುಸಿದಿದ್ದವನು ಈಗ ಕೈಪಳಗಿದ ಆಳಾಗಿದ್ದ. ರೈಲು ಎಂಜಿನ್ನಿನಂತೆ ಆವಿ ಬಿಟ್ಟ. ಬಿಳಿ ಮೋಡವೊಂದು ದಟ್ಟವಾಗಿ ಮೇಲೇರಿ ಚಾವಣಿ ಮುಟ್ಟಿತು. ಚಾವಣಿಯಲ್ಲಿದ್ದ ದುಂಡನೆಯ ಪೆಟ್ಟಿಗೆಯೊಂದು ಅದನ್ನು ಮೂಸಿತು. ಕೂಡಲೇ ಇಡೀ ಕಾರ್ಖಾನೆ ಹೊಡೆದುಕೊಳ್ಳತೊಡಗಿತು.

ಅಲಾರಂ!

ಯಂತ್ರಗಳು ನಿಂತವು. ಮಹಡಿ ಮಹಡಿಯಿಂದ ಜನ ಇಳಿದರು. ಪಾನ್ ಅಕ್ಕ ಅರ್ಧ ಪ್ಯಾಕಾದ ಪೆಟ್ಟಿಗೆಯನ್ನು ಮಗುವಿನಂತೆ ಎದೆಗವಚಿಕೊಂಡು ಓಡಿದಳು. ಝುವೊ ಎರಡು ಕೈಯಲ್ಲೂ ಬೆಂಕಿ ಆರಿಸುವ ಸಿಲಿಂಡರು ಹಿಡಿದುಕೊಂಡು ಬಂದ. ಕೊನೆಗೆ ಲಿಚಿ ಮೋಡದ ಮಧ್ಯದಿಂದ ಕುವಾಂಗ್ ಹೊರಬಂದ. ಕಾರ್ಖಾನೆಯ ಅಷ್ಟೂ ಜನ ಅಂಗಳದಲ್ಲಿ ನಿಂತು ಅವನನ್ನೇ ನೋಡುತ್ತಿದ್ದರು. ಕೈಯಲ್ಲಿ ಕೊಳವೆ ಇತ್ತು. ಮುಚ್ಚಿಡಲು ಮರೆತಿದ್ದ.

"ಏನಿದು?" ಎಂದರು ಲೆಂಗ್ ಮೇಡಂ.

ಔಯಾಂಗರ ಮುಖ ಬೇಯಿಸಿದ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಕುವಾಂಗ್ ಬಾಯಿ ತೆರೆದ. ಉಳಿದಿದ್ದ ಒಂದಿಷ್ಟು ಆವಿ ಬಂತು.

"ಇದೇ ಮೇಡಂ!" ಎಂದು ಫೆಂಗ್‌ಲಿಯಾನ್ ಮುಂದೆ ಬಂದಳು. "ಇದೇ ನಾನು ಹೇಳಿದ್ದ ಸಾಮಾನು! ಹೊಗೆ ಮಾಡಿ ಅಲಾರಂ ಸರಿಯಾಗಿ ಕೆಲಸ ಮಾಡುತ್ತಾ ಅಂತ ನೋಡ್ತಾರೆ. ನೋಡಿ, ಎಲ್ಲರೂ ಎಷ್ಟು ಬೇಗ ಹೊರಗೆ ಬಂದ್ರು!"

"ಹೌದ್ಹೌದು, ಅಣಕು ಕವಾಯತು!" ಎಂದು ಔಯಾಂಗ್ ಆ ಮಾತಿಗೆ ಜೋತುಬಿದ್ದರು. "ಎಲ್ಲಾ ಕುವಾಂಗನದೇ ಏರ್ಪಾಟು. ನಿಮಗೆ ಮೊದಲೇ ಹೇಳಿದ್ರೆ ಮಜಾ ಇರ್ತಿರಲಿಲ್ಲ ಅಂತ..."

ಲೆಂಗ್ ಮೇಡಂ ಸಾಲಾಗಿ ನಿಂತ ಜನರನ್ನೂ ಝುವೊನ ಸಿಲಿಂಡರುಗಳನ್ನೂ ನೋಡಿದರು. ಇಸ್ತ್ರಿ ಹಾಕಿದ ಮುಖದಲ್ಲಿ ಒಂದು ಸಣ್ಣ ಸುಕ್ಕು ಕಾಣಿಸಿಕೊಂಡಿತು. ಅದು ನಗು.

"ಈ ವರ್ಷ ನಾನು ನೋಡಿದ್ದರಲ್ಲಿ ಇದೇ ಒಳ್ಳೇ ಕವಾಯತು," ಎಂದು ಚೀಲದಿಂದ ಕೆಂಪು ತೋಳುಪಟ್ಟಿ ತೆಗೆದು ಕುವಾಂಗನ ತೋಳಿಗೆ ಕಟ್ಟಿದರು. "ಇವತ್ತಿನಿಂದ ಧೂಮಪಾನ ನಿಷೇಧ ಮತ್ತು ಬೆಂಕಿ ಸುರಕ್ಷತೆಯ ಹೊಣೆ ಇವರದ್ದು. ಯಾರ ಬಾಯಲ್ಲಿ ಹೊಗೆ ಕಂಡರೂ ಹಿಡೀರಿ."

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಫೆಂಗ್‌ಲಿಯಾನ್. ಹೆಂಡತಿಯ ಕಣ್ಣಲ್ಲಿ ನೀರು ಕಂಡು ಕುವಾಂಗನ ಎದೆ ಉಬ್ಬಿತು.

ಸಂಜೆ ಔಯಾಂಗ್ ಅವನನ್ನು ಪಕ್ಕಕ್ಕೆ ಕರೆದರು. "ಅಂಥಾ ಹೊಗೆ ಬಿಟ್ಟ ಮೇಲೂ ಬ್ಯಾಟರಿ ಇನ್ನೂ ಜೀವಂತ ಇದೆಯಲ್ಲ! ಗಿರಾಕಿ ಕುಣಿದಾಡ್ತಿದ್ದಾನೆ. ನಾಳೆಯಿಂದ ಪುದೀನದ್ದು ನೀನೇ ಪರೀಕ್ಷೆ ಮಾಡಬೇಕಂತೆ."

"ಯಜಮಾನ್ರೇ, ಸೇದೋರನ್ನ ಹಿಡಿಯೋ ಕೆಲಸ ಅಲ್ವಾ ನಂದು?"

"ಹಿಡಿ, ಬೇಡ ಅಂದವರ್ಯಾರು? ಮೊದಲು ಸೇದು, ಆಮೇಲೆ ಹಿಡಿ. ಇನ್ನು ಆ ರಜೆ ವಿಷಯ... ವಸಂತ ಹಬ್ಬದಲ್ಲಿ ಊರೆಲ್ಲಾ ಪಟಾಕಿ. ಸುರಕ್ಷತೆ ನೋಡ್ಕೊಳ್ಳೋನೇ ಊರಿಗೆ ಹೋದ್ರೆ ಹೇಗಪ್ಪಾ? ಈ ಸಲ ಇಲ್ಲೇ ಇರ್ಬೇಕು."

ಕುವಾಂಗ್ ಹೆಗಲು ಇಳಿಬಿಟ್ಟುಕೊಂಡು ಗೇಟಿನ ಕಡೆ ನಡೆದ. ಹೋಗಲಿ, ರಜೆ ಹೋದರೆ ಹೋಯಿತು, ಹೆಂಡತಿಗೆ ಮಾತ್ರ ಏನೂ ತಿಳಿಯಲಿಲ್ಲವಲ್ಲ. ಗೇಟಿನಲ್ಲಿ ಫೆಂಗ್‌ಲಿಯಾನ್ ಕಾಯುತ್ತಿದ್ದಳು. ಅವಳ ತೋಳಿನಲ್ಲೂ ಒಂದು ಕೆಂಪು ಪಟ್ಟಿ ಇತ್ತು.

"ಇದೇನಿದು?"

"ಲೆಂಗ್ ಮೇಡಂ ಹತ್ರ ನಾನೇ ಕೇಳಿ ಇಸ್ಕೊಂಡೆ. ನಾಳೆಯಿಂದ ನಿನ್ನ ಸಹಾಯಕಿ. ಊಟದ ಹೊತ್ತು ಬಿಟ್ಟು ಇಡೀ ದಿನ ನಿನ್ನ ಜೊತೇನೇ ಇರ್ತೀನಿ."

"ನೀನ್ಯಾಕೆ ಸುಮ್ನೆ ತೊಂದರೆ ತಗೋತೀಯ? ನಿಂಗೆ ಈ ಹೊಗೆ, ಸಾಮಾನು, ಇದೆಲ್ಲಾ ಎಲ್ಲಿ ಗೊತ್ತಾಗುತ್ತೆ..."

ಫೆಂಗ್‌ಲಿಯಾನ್ ನಕ್ಕಳು. ಮದುವೆಯಾದಾಗಿನಿಂದ ಕುವಾಂಗ್ ಅತಿ ಹೆಚ್ಚು ಹೆದರಿದ್ದು ಆ ನಗುವಿಗೇ.

"ಯುನ್ ಅಪ್ಪಾ, ಇ-ಸಿಗರೇಟು ಕಾರ್ಖಾನೆಗೆ ಇಷ್ಟು ವರ್ಷದಿಂದ ಅನ್ನ ಬೇಯಿಸಿ ಹಾಕ್ತಿದ್ದೀನಿ. ಊಟಕ್ಕೆ ಬರೋ ಪ್ರತಿಯೊಬ್ಬನೂ ತಟ್ಟೆ ಪಕ್ಕದಲ್ಲಿ ಇಂಥದ್ದೇ ಒಂದನ್ನ ಇಟ್ಕೊಂಡು ತಿಂತಾನೆ. ನೀನು ಪೆನ್ನು ಅಂದೆ, ಇಂಕು ಅಂದೆ. ನಿಜ ಹೇಳ್ಲಿ ಅಂತ ಕಾದೆ, ನೀನು ಬೆಂಕಿ ಸಾಮಾನು ಅಂದೆ. ಸರಿ ಹಾಗಾದ್ರೆ ಅಂತ ಅಧಿಕಾರಿನೇ ಕರ್ಕೊಂಡು ಬಂದೆ. ಕೆಲಸ ಹೋಗಿಬಿಡುತ್ತೆ ಅನ್ನಿಸ್ತು ನೋಡು, ಆಗ ಪಾಪ ಅನ್ನಿಸಿ ಬಾಯಿ ಬಿಟ್ಟೆ."

ಕುವಾಂಗ್ ಮೆಲ್ಲನೆ ಒಂದು ಕೈಯಿಂದ ಜೇಬು ಮುಚ್ಚಿಕೊಂಡ. ಪಾಳಿ ಮುಗಿಸಿದ ಜನ ಅವರ ಅಕ್ಕಪಕ್ಕದಿಂದ ಹೊರಗೆ ಹೋಗುತ್ತಿದ್ದರು. ಪಾನ್ ಅಕ್ಕ ಕೈ ಬೀಸಿ, "ಅಣ್ಣ ಅತ್ತಿಗೆ ಇಬ್ಬರೂ ಅಧಿಕಾರಿಗಳಾದ್ರಲ್ಲಪ್ಪಾ!" ಎಂದು ಕೂಗಿದಳು.

ಫೆಂಗ್‌ಲಿಯಾನ್ ತೋಳುಪಟ್ಟಿ ಸರಿಮಾಡಿಕೊಂಡು ಗಂಡನ ಮುಂದೆ ಅಂಗೈ ಚಾಚಿದಳು.

"ಬಾ, ಕೆಲಸ ಶುರು ಮಾಡೋಣ. ಮೊದಲು ನಿನ್ನ ಎಡಗಡೆ ಜೇಬು. ಆಮೇಲೆ ಬಲಗಡೇದು. ಬೂಟು ಬಿಚ್ಚೋಕೆ ನಾನೇ ಹೇಳ್ತೀನಿ."